ಹೋಮ್ಸ್ ಹೊಡೆದಾಡುವಾಗ ವಾಟ್ಸನ್ ಎಲ್ಲಿದ್ದ?

[ಪರದೆಯ ಮೇಲೆ: ಮರದ ಹಲಗೆಗಳಿಂದ ಸುತ್ತುವರಿದ ಮುಷ್ಟಿಕಾಳಗದ ಕಣ, ಸುತ್ತಲೂ ಕೂಗಾಡುವ ಜನ]

ನಮಸ್ಕಾರ. ಪತ್ತೇದಾರಿ ಕಥೆಗಳ ಕುರಿತ ನಮ್ಮ ಹಿಂದಿನ ವಿಡಿಯೋವನ್ನು ನೋಡಿದ ವೀಕ್ಷಕರೊಬ್ಬರು ದೂರಿನಂತಿದ್ದ ಒಂದು ಪ್ರಶ್ನೆಯನ್ನು ಕಳುಹಿಸಿದ್ದರು. ಪುಸ್ತಕದ ಷರ್ಲಾಕ್ ಹೋಮ್ಸ್ ಕುರ್ಚಿಯಲ್ಲಿ ಕುಳಿತು, ಪೈಪು ಸೇದುತ್ತಾ, ಬೂಟಿಗೆ ಅಂಟಿದ ಮಣ್ಣನ್ನು ನೋಡಿಯೇ ಊರು ಹೇಳುವವನು. ಅಂಥವನ ಅಂಗಿ ಬಿಚ್ಚಿಸಿ, ಬೆವರಿಳಿಸಿ, ಕಣಕ್ಕೆ ಇಳಿಸಿದ್ದು ಸಿನಿಮಾದವರ ಅಪಚಾರವಲ್ಲವೇ ಎಂಬುದು ಅವರ ವಾದ. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಉತ್ತರ ಹುಡುಕಲೆಂದು ಕಥೆಗಳನ್ನು ಮತ್ತೆ ತೆರೆದಾಗ ನನಗೆ ಸಿಕ್ಕಿದ್ದು ಬೇರೆಯೇ ಒಂದು ಪ್ರಶ್ನೆ. ಅದನ್ನೇ ಈ ವಿಡಿಯೋದ ಶೀರ್ಷಿಕೆಯಾಗಿ ಇಟ್ಟಿದ್ದೇನೆ.

ಹಿನ್ನೆಲೆಯನ್ನು ಬೇಗ ಮುಗಿಸೋಣ. ಆರ್ಥರ್ ಕಾನನ್ ಡಾಯ್ಲ್ ಅವರು 1887ರಿಂದ 1927ರವರೆಗೆ ಹೋಮ್ಸ್‌ನನ್ನು ಕುರಿತು 4 ಕಾದಂಬರಿಗಳನ್ನೂ 56 ಸಣ್ಣಕಥೆಗಳನ್ನೂ ಪ್ರಕಟಿಸಿದರು. ನಮ್ಮ ವೀಕ್ಷಕರ ಸಿಟ್ಟಿಗೆ ಗುರಿಯಾಗಿರುವುದು ಗೈ ರಿಚಿ ಅವರು ನಿರ್ದೇಶಿಸಿದ, ರಾಬರ್ಟ್ ಡೌನಿ ಜೂನಿಯರ್ ಹೋಮ್ಸ್ ಆಗಿಯೂ ಜೂಡ್ ಲಾ ಹೋಮ್ಸ್‌ನ ಗೆಳೆಯನೂ ಅವನ ಕಥೆಗಳನ್ನು ನಮಗೆ ಹೇಳುವವನೂ ಆದ ಡಾಕ್ಟರ್ ವಾಟ್ಸನ್ ಆಗಿಯೂ ನಟಿಸಿದ ಎರಡು ಚಿತ್ರಗಳು: 2009ರ ‘ಷರ್ಲಾಕ್ ಹೋಮ್ಸ್’ ಮತ್ತು 2011ರ ‘ಎ ಗೇಮ್ ಆಫ್ ಶ್ಯಾಡೋಸ್’. ಜಗತ್ತಿನಾದ್ಯಂತ ಒಂದೊಂದೂ 50 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದವು. ಆದ್ದರಿಂದ ಅಪಚಾರವೇ ಆಗಿದ್ದರೂ ಅದನ್ನು ಜನ ದುಡ್ಡು ಕೊಟ್ಟು ನೋಡಿದ್ದಾರೆ.

ಈಗ ಪುಸ್ತಕಕ್ಕೆ ಬರೋಣ. 2009ರ ಚಿತ್ರದಲ್ಲಿ ಹೋಮ್ಸ್ ಕಣದಲ್ಲಿ ಎದುರಿಸುವ ದೈತ್ಯನ ಹೆಸರು ಮೆಕ್‌ಮರ್ಡೋ. ಈ ಹೆಸರನ್ನು ಚಿತ್ರಕಥೆಗಾರರು ಗಾಳಿಯಿಂದ ಹಿಡಿದು ತಂದದ್ದಲ್ಲ. 1890ರ ‘ದಿ ಸೈನ್ ಆಫ್ ಫೋರ್’ ಕಾದಂಬರಿಯಲ್ಲಿ ಒಂದು ಬಂಗಲೆಯ ಬಾಗಿಲು ಕಾಯುವ ಮೆಕ್‌ಮರ್ಡೋ ಎಂಬ ಮಾಜಿ ಮುಷ್ಟಿಕಾಳಗದ ಪಟು ಹೋಮ್ಸ್‌ನನ್ನು ಒಳಗೆ ಬಿಡಲು ಒಪ್ಪುವುದಿಲ್ಲ. ಆಗ ಹೋಮ್ಸ್, ನಾಲ್ಕು ವರ್ಷಗಳ ಹಿಂದೆ ನಿನ್ನೊಂದಿಗೆ ಮೂರು ಸುತ್ತು ಕಾದಾಡಿದವನು ನಾನೇ ಎಂದು ನೆನಪಿಸುತ್ತಾನೆ. ಹೀಗೆ ಸುಮ್ಮನೆ ನಿಲ್ಲುವ ಬದಲು ದವಡೆಯ ಕೆಳಗೆ ನಿಮ್ಮ ಆ ಹೊಡೆತವೊಂದನ್ನು ಕೊಟ್ಟಿದ್ದರೆ ತಕ್ಷಣವೇ ಗುರುತು ಹಿಡಿಯುತ್ತಿದ್ದೆನಲ್ಲ ಎಂದು ಆ ಕಾವಲುಗಾರ ಪೇಚಾಡಿಕೊಳ್ಳುತ್ತಾನೆ. ಹೋಮ್ಸ್ ಮುಷ್ಟಿಕಾಳಗ, ಕತ್ತಿವರಸೆ, ದೊಣ್ಣೆವರಸೆ ಮೂರರಲ್ಲಿಯೂ ಪಳಗಿದವನೆಂದು ಮೊದಲ ಕಾದಂಬರಿಯಲ್ಲಿಯೇ ವಾಟ್ಸನ್ ಪಟ್ಟಿ ಮಾಡಿಟ್ಟಿದ್ದಾನೆ.

ಹಾಗಾದರೆ ಈ ಹೊಡೆದಾಟಗಳು ನಮ್ಮ ನೆನಪಿನಲ್ಲಿ ಏಕೆ ಉಳಿದಿಲ್ಲ? ‘ದಿ ಸಾಲಿಟರಿ ಸೈಕ್ಲಿಸ್ಟ್’ ಕಥೆಯಲ್ಲಿ ಹೋಮ್ಸ್ ಹಳ್ಳಿಯ ಪಬ್ಬೊಂದರಲ್ಲಿ ರೌಡಿಯೊಬ್ಬನನ್ನು ಗಾಡಿಯಲ್ಲಿ ಮನೆಗೆ ಸಾಗಿಸಬೇಕಾಗುವಷ್ಟು ಹೊಡೆಯುತ್ತಾನೆ, ಆದರೆ ವಾಟ್ಸನ್‌ಗೆ ಕಾಣುವುದು ಸಂಜೆ ಮನೆಗೆ ಮರಳಿದ ಹೋಮ್ಸ್‌ನ ಸೀಳಿದ ತುಟಿ ಮತ್ತು ಹಣೆಯ ಮೇಲಿನ ಬುಗುಟು ಮಾತ್ರ. ‘ದಿ ನೇವಲ್ ಟ್ರೀಟಿ’ಯಲ್ಲಿ ಚಾಕು ಹಿಡಿದು ಮೇಲೆರಗಿದವನನ್ನು ಹೋಮ್ಸ್ ಎರಡು ಬಾರಿ ನೆಲಕ್ಕೆ ಕೆಡವುತ್ತಾನೆ, ವಾಟ್ಸನ್ ನೋಡುವುದು ಮರುದಿನ ಬೆಳಗಿನ ಉಪಾಹಾರದ ಹೊತ್ತಿಗೆ ಕಟ್ಟು ಹಾಕಿದ ಕೈಯನ್ನು. ‘ದಿ ಇಲಸ್ಟ್ರಿಯಸ್ ಕ್ಲೈಂಟ್’ನಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿನಲ್ಲಿ ದೊಣ್ಣೆ ಹಿಡಿದ ಇಬ್ಬರು ಹೋಮ್ಸ್‌ನ ಮೇಲೆ ಬಿದ್ದ ಸಂಗತಿ ವಾಟ್ಸನ್‌ಗೆ ತಿಳಿಯುವುದು ರಸ್ತೆ ಬದಿಯಲ್ಲಿ ಪತ್ರಿಕೆ ಮಾರುವವನ ಫಲಕದಿಂದ. ಎಲ್ಲಕ್ಕಿಂತ ದೊಡ್ಡ ಕಾಳಗ, ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತದ ಅಂಚಿನಲ್ಲಿ ಹೋಮ್ಸ್‌ನ ಬದ್ಧವೈರಿ ಮೊರಿಯಾರ್ಟಿಯೊಂದಿಗೆ ನಡೆದದ್ದು. ಆ ಹೊತ್ತಿಗೆ ವಾಟ್ಸನ್‌ನನ್ನು, ರೋಗಿಯೊಬ್ಬಳು ನರಳುತ್ತಿದ್ದಾಳೆಂಬ ಸುಳ್ಳು ಪತ್ರ ಕಳುಹಿಸಿ, ಹೋಟೆಲಿಗೆ ಓಡಿಸಲಾಗಿತ್ತು.

ಇದು ನನಗೆ ಹೊಳೆದ ಸಂಗತಿ. ಈ ಕಾಳಗಗಳಲ್ಲೆಲ್ಲ ಹೋಮ್ಸ್ ಕೈ ಎತ್ತುವಾಗ ಕಥೆ ಹೇಳುವವನು ಬೇರೆಲ್ಲಿಯೋ ಇರುತ್ತಾನೆ. ಯಕ್ಷಗಾನದಲ್ಲಿ ಯುದ್ಧವೆಲ್ಲ ಚೌಕಿಯಲ್ಲಿ ನಡೆದು, ಗಾಯಗೊಂಡ ವೇಷಧಾರಿ ರಂಗಕ್ಕೆ ಬಂದು ಅರ್ಥ ಮಾತ್ರ ಹೇಳಿ ಹೋದರೆ ಹೇಗಿರುತ್ತದೆಯೋ ಹಾಗೆ. ಡಾಯ್ಲ್ ಇದನ್ನು ಬೇಕೆಂದೇ ಮಾಡಿದರೋ, ಕಥೆಯ ಕಟ್ಟಿನಿಂದ ತಾನಾಗಿ ಹಾಗಾಯಿತೋ, ಫಲವಂತೂ ಒಂದೇ: ಓದುಗರ ಮನಸ್ಸಿನಲ್ಲಿ ಉಳಿದದ್ದು ವಾಟ್ಸನ್ ಕಣ್ಣಾರೆ ಕಂಡ ಹೋಮ್ಸ್, ಅಂದರೆ ಕುರ್ಚಿಯಲ್ಲಿ ಕುಳಿತವನು. ರಿಚಿ ಮಾಡಿದ ಕೆಲಸವೆಂದರೆ ವಾಟ್ಸನ್ ಇಲ್ಲದ ಜಾಗದಲ್ಲಿ ಕ್ಯಾಮೆರಾ ಇಟ್ಟದ್ದು.

ಇಲ್ಲೊಂದು ಸಣ್ಣ ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. ಕುರ್ಚಿಯ ಹೋಮ್ಸ್‌ನನ್ನು ಪರದೆಯಲ್ಲಿ ಗಟ್ಟಿಮಾಡಿದವರು 1939ರಿಂದ 1946ರ ನಡುವೆ 14 ಚಿತ್ರಗಳಲ್ಲಿ ಆ ಪಾತ್ರ ವಹಿಸಿದ ಬ್ಯಾಸಿಲ್ ರಾತ್‌ಬೋನ್. ಅವರು ಹಾಲಿವುಡ್ಡಿನ ಅತ್ಯುತ್ತಮ ಕತ್ತಿವರಸೆಗಾರರಲ್ಲಿ ಒಬ್ಬರು. 1938ರ ರಾಬಿನ್ ಹುಡ್ ಚಿತ್ರದಲ್ಲಿ ಖಳನಾಗಿ ಎರಲ್ ಫ್ಲಿನ್ ಅವರೆದುರು ಕತ್ತಿ ಬೀಸಿದ ಅದೇ ಮನುಷ್ಯನಿಗೆ, ಹೋಮ್ಸ್ ಆದ ಮೇಲೆ ಕೊಟ್ಟದ್ದು ಭೂತಗನ್ನಡಿ!

[ಪರದೆಯ ಮೇಲೆ: ಒಂದೇ ಹೊಡೆತ, ಮೊದಲು ನಿಧಾನಗತಿಯಲ್ಲಿ, ನಂತರ ಸಹಜ ವೇಗದಲ್ಲಿ]

ಹಾಗೆಂದು ರಿಚಿ ಏನನ್ನೂ ಬದಲಿಸಲಿಲ್ಲವೆಂದು ನಾನು ಹೇಳುತ್ತಿಲ್ಲ. ಅವರು ಬದಲಿಸಿದ್ದು ಹೊಡೆತವನ್ನಲ್ಲ, ವಿವರಣೆಯ ಜಾಗವನ್ನು. ಮೆಕ್‌ಮರ್ಡೋನೊಂದಿಗಿನ ಆ ಕಾಳಗವನ್ನೇ ನೋಡಿ. ಬೆನ್ನು ತಿರುಗಿಸಿ ಹೊರಟ ಹೋಮ್ಸ್‌ನ ತಲೆಯ ಹಿಂಭಾಗಕ್ಕೆ ಎದುರಾಳಿ ಉಗುಳುತ್ತಾನೆ. ಸದ್ದು ಅಡಗುತ್ತದೆ. ಹೋಮ್ಸ್ ಮನಸ್ಸಿನೊಳಗೆ ಲೆಕ್ಕ ಹಾಕುತ್ತಾನೆ: ಮೊದಲು ಗಮನ ಸೆಳೆಯಬೇಕು, ಆಮೇಲೆ ಎರಡೂ ಕಿವಿಗೆ ಬಡಿದು ತಲೆ ತಿರುಗಿಸಬೇಕು, ಆಮೇಲೆ ಪಕ್ಕೆಲುಬು, ಆಮೇಲೆ ದವಡೆ, ದೇಹ ಚೇತರಿಸಿಕೊಳ್ಳಲು ಆರು ವಾರ, ಮನಸ್ಸು ಚೇತರಿಸಿಕೊಳ್ಳಲು ಆರು ತಿಂಗಳು, ಇನ್ನೊಬ್ಬರ ತಲೆಗೆ ಉಗುಳುವ ಸಾಮರ್ಥ್ಯ ಶೂನ್ಯ. ಇದನ್ನೆಲ್ಲ ನಾವು ಅತಿ ನಿಧಾನಗತಿಯಲ್ಲಿ ನೋಡುತ್ತೇವೆ. ಸೆಕೆಂಡಿಗೆ 1000 ಚೌಕಟ್ಟುಗಳಂತೆ ಸೆರೆಹಿಡಿದ ಚಿತ್ರವನ್ನು ಸಿನಿಮಾದ ಮಾಮೂಲಿ 24 ಚೌಕಟ್ಟುಗಳ ವೇಗದಲ್ಲಿ ತೋರಿಸಿದರೆ ಒಂದು ಸೆಕೆಂಡು ಸುಮಾರು 42 ಸೆಕೆಂಡುಗಳಾಗಿ ಹಿಗ್ಗುತ್ತದೆ. ಆ ಹಿಗ್ಗಿದ ಕಾಲದೊಳಗೆ ಯೋಚನೆಗೆ ಕೂರಲು ಜಾಗ ಸಿಗುತ್ತದೆ. ನಂತರ ಅದೇ ಸರಣಿ ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಗುತ್ತದೆ.

ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಗೂ ಇದಕ್ಕೂ ಬಹಳ ಹೋಲಿಕೆಯಿದೆ ಎಂದು ನನಗೆ ಅನ್ನಿಸುತ್ತದೆ. ಚುಕ್ಕಿ ಇಡುವಾಗ ಕೈ ನಿಧಾನ, ಎಣಿಕೆ ತಪ್ಪಬಾರದು. ನೋಡುವವರಿಗೆ ಆಗ ಅದು ಏನೂ ಅಲ್ಲ. ಎಣಿಕೆ ಮುಗಿದ ಮೇಲೆ ಗೆರೆ ಎಳೆಯುವ ಕೈ ಸರಸರನೆ ಓಡುತ್ತದೆ, ಎಲ್ಲಿಯೂ ತಡವರಿಸುವುದಿಲ್ಲ. ನಿಧಾನಗತಿಯ ಭಾಗದಲ್ಲಿ ಹೋಮ್ಸ್ ಇಡುವುದು ಚುಕ್ಕಿಗಳನ್ನು. ವೇಗದ ಭಾಗ ಬರಿಯ ಗೆರೆ. ಪುಸ್ತಕದಲ್ಲಿ ಇದು ತಲೆಕೆಳಗು. ಅಲ್ಲಿ ಹೋಮ್ಸ್ ಮೊದಲು ಪೂರ್ತಿ ರಂಗೋಲಿಯನ್ನು ನಮ್ಮ ಮುಂದೆ ಇಡುತ್ತಾನೆ, ನಾವು ಬೆರಗಾದ ಮೇಲೆ ಚುಕ್ಕಿಗಳನ್ನು ಒಂದೊಂದಾಗಿ ತೋರಿಸುತ್ತಾನೆ. ಚುಕ್ಕಿ ಕಂಡಕೂಡಲೇ ವಾಟ್ಸನ್, ಇಷ್ಟೇನೇ, ಇದು ನನಗೂ ಹೊಳೆಯಬೇಕಿತ್ತಲ್ಲ ಎನ್ನುತ್ತಾನೆ. ಅಂದರೆ ಪುಸ್ತಕದ ಹೋಮ್ಸ್ ಆದದ್ದನ್ನು ಹಿಂದಕ್ಕೆ ಓದುತ್ತಾನೆ, ಚಿತ್ರದ ಹೋಮ್ಸ್ ಆಗಲಿರುವುದನ್ನು ಮುಂದಕ್ಕೆ ಓದುತ್ತಾನೆ. ಪತ್ತೇದಾರನ ತರ್ಕ ಮುಂಗಾಣ್ಕೆಯಾಗಿ ಮಾರ್ಪಟ್ಟಿರುವುದು ಸಣ್ಣ ಬದಲಾವಣೆಯಲ್ಲ. ನನ್ನನ್ನು ಕೇಳಿದರೆ, ಮೂಲದ ಅಭಿಮಾನಿಗಳು ತಕರಾರು ಎತ್ತಬೇಕಾದದ್ದು ಅವನು ಅಂಗಿ ಬಿಚ್ಚಿದ್ದಕ್ಕಲ್ಲ, ಇದಕ್ಕೆ.

ಇನ್ನು, ಈ ವಿಡಿಯೋವನ್ನು ಮಾಡಲು ನನ್ನನ್ನು ನಿಜವಾಗಿ ಒತ್ತಾಯಿಸಿದ ಸಂಗತಿ. ಜಲಪಾತದ ಅಂಚಿನಲ್ಲಿ ತಾನು ಹೇಗೆ ಬದುಕಿದೆನೆಂದು ಹೋಮ್ಸ್ 1903ರ ‘ದಿ ಎಂಪ್ಟಿ ಹೌಸ್’ ಕಥೆಯಲ್ಲಿ ವಾಟ್ಸನ್‌ಗೆ ವಿವರಿಸುತ್ತಾನೆ. ತನಗೆ ‘ಬಾರಿಟ್ಸು’ ಎಂಬ ಜಪಾನೀ ಕುಸ್ತಿಯ ಪಟ್ಟುಗಳು ಸ್ವಲ್ಪ ಗೊತ್ತಿದ್ದವು, ಅದರ ಬಲದಿಂದ ಮೊರಿಯಾರ್ಟಿಯ ಹಿಡಿತದಿಂದ ಜಾರಿಕೊಂಡೆ ಎನ್ನುತ್ತಾನೆ. ಜಪಾನಿನಲ್ಲಿ ಆ ಹೆಸರಿನ ಕುಸ್ತಿಯೇ ಇಲ್ಲ. ಇದ್ದದ್ದು ‘ಬಾರ್ಟಿಟ್ಸು’, ಅದೂ ಲಂಡನ್ನಿನಲ್ಲಿ. ಎಡ್ವರ್ಡ್ ವಿಲಿಯಂ ಬಾರ್ಟನ್-ರೈಟ್ ಎಂಬ ಎಂಜಿನಿಯರ್ ಜಪಾನಿನಲ್ಲಿ ಕೆಲಸ ಮಾಡುವಾಗ ಜುಜುತ್ಸು ಕಲಿತು, 1898ರಲ್ಲಿ ಇಂಗ್ಲೆಂಡಿಗೆ ಮರಳಿ, ಅದಕ್ಕೆ ಮುಷ್ಟಿಕಾಳಗವನ್ನೂ ಫ್ರೆಂಚರ ಒದೆತದ ವಿದ್ಯೆಯಾದ ಸವಾತ್ ಅನ್ನೂ ಪಿಯರ್ ವಿನ್ಯಿ ಎಂಬವರ ದೊಣ್ಣೆವರಸೆಯನ್ನೂ ಬೆರೆಸಿ, ಆ ಮಿಶ್ರಣಕ್ಕೆ ತನ್ನ ಹೆಸರಿನ ಅರ್ಧವನ್ನೇ ಸೇರಿಸಿ ನಾಮಕರಣ ಮಾಡಿದ. 1899ರಲ್ಲಿ ಪಿಯರ್ಸನ್ಸ್ ಮ್ಯಾಗಜೀನ್‌ನಲ್ಲಿ ಸಚಿತ್ರ ಲೇಖನಗಳನ್ನು ಬರೆದ. ಕೋಟು ತೊಟ್ಟ ಸಭ್ಯಸ್ಥರು ಊರುಗೋಲಿನಿಂದ ಪುಂಡರನ್ನು ಹೇಗೆ ಎದುರಿಸಬೇಕು, ಹೆಗಲ ಮೇಲೆ ಹೊದ್ದ ಕೋಟನ್ನೇ ಎದುರಾಳಿಯ ತಲೆಯ ಮೇಲೆ ಎಸೆದು ಹೇಗೆ ದಿಕ್ಕುಗೆಡಿಸಬೇಕು ಎಂಬುದೆಲ್ಲ ಅವನ ಪಾಠದಲ್ಲಿತ್ತು. ಲಂಡನ್ನಿನ ಶಾಫ್ಟ್ಸ್‌ಬರಿ ಅವೆನ್ಯೂನಲ್ಲಿ ತೆರೆದ ಅವನ ಕ್ಲಬ್ಬು, ನಮ್ಮ ಮಾತಿನಲ್ಲಿ ಹೇಳುವುದಾದರೆ ಅವನ ಗರಡಿಮನೆ, 1902ರ ಹೊತ್ತಿಗೆ ಮುಚ್ಚಿಹೋಯಿತು.

ಈ ಬಾರ್ಟನ್-ರೈಟ್ ಹುಟ್ಟಿದ್ದು ಎಲ್ಲಿ ಗೊತ್ತೇ? ಬೆಂಗಳೂರಿನಲ್ಲಿ, 1860ರ ನವೆಂಬರ್ 8ರಂದು. ತಂದೆ ಮದ್ರಾಸ್ ರೈಲ್ವೆಯ ಎಂಜಿನಿಯರ್. ಬೆಂಗಳೂರು ದಂಡಿಗೆ ರೈಲು ಬಂದದ್ದೇ 1864ರಲ್ಲಿ. ಅಂದರೆ ರೈಲಿಗಿಂತ ನಾಲ್ಕು ವರ್ಷ ಮೊದಲೇ ರೈಲ್ವೆಯವರ ಮಗು ನಮ್ಮ ಊರಿಗೆ ಬಂದಿತ್ತು. ಅವನು ಇಲ್ಲಿಯ ಗರಡಿಯನ್ನು ನೋಡಿ ಕುಸ್ತಿ ಕಲಿತನೆಂದು ಕಥೆ ಕಟ್ಟುವ ಆಸೆ ನನಗೂ ಆಗುತ್ತದೆ. ಅದಕ್ಕೆ ಆಧಾರವಿಲ್ಲ, ಆದ್ದರಿಂದ ಕಟ್ಟುವುದಿಲ್ಲ. ಆದರೂ ಹೋಮ್ಸ್‌ನ ಪ್ರಾಣ ಉಳಿಸಿದ ಪಟ್ಟಿನ ಜನಕ ಬೆಂಗಳೂರಿನಲ್ಲಿ ಕಣ್ಣು ತೆರೆದವನೆಂಬುದು ನಿಜ.

ಒಂದು ಅಕ್ಷರ ಹೇಗೆ ಬಿದ್ದುಹೋಯಿತು? 1901ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಪ್ರದರ್ಶನವೊಂದರ ವರದಿಯಲ್ಲಿ ಇದನ್ನು ‘ಬಾರಿಟ್ಸು’ ಎಂದೇ ತಪ್ಪಾಗಿ ಮುದ್ರಿಸಿತ್ತು. ಡಾಯ್ಲ್ ಅಲ್ಲಿಂದಲೇ ಎತ್ತಿಕೊಂಡರೆಂದು ನ್ಯಾಯಾಲಯದಲ್ಲಿ ಸಾಬೀತು ಮಾಡಲಾಗದು, ಆದರೆ ಎರಡು ವರ್ಷಗಳ ಅಂತರದಲ್ಲಿ ಅದೇ ಊರಿನಲ್ಲಿ ಅದೇ ತಪ್ಪು ಎರಡು ಬಾರಿ ಕಾಣಿಸಿಕೊಂಡರೆ ಹೋಮ್ಸ್ ಏನೆನ್ನುತ್ತಿದ್ದನೆಂದು ನೀವೇ ಊಹಿಸಬಹುದು. ಇದಕ್ಕಿಂತ ದೊಡ್ಡ ತಪ್ಪು ಕಾಲದ್ದು. ಕಥೆಯ ಪ್ರಕಾರ ಜಲಪಾತದ ಕಾಳಗ ನಡೆದದ್ದು 1891ರ ಮೇ ತಿಂಗಳಲ್ಲಿ. ಬಾರ್ಟಿಟ್ಸು ಹುಟ್ಟಲು ಆಗ ಇನ್ನೂ ಏಳೆಂಟು ವರ್ಷ ಬಾಕಿಯಿತ್ತು. ಚಿತ್ರದ ಹೊಡೆದಾಟಗಳಲ್ಲಿ ಡೌನಿ ಅವರು ತಾವು ಅಭ್ಯಾಸ ಮಾಡುತ್ತಿದ್ದ ಚೀನೀ ವಿದ್ಯೆಯಾದ ವಿಂಗ್ ಚುನ್ ಅನ್ನು ಬೆರೆಸಿದ್ದಕ್ಕೆ ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಕಾಲಕ್ಕೂ ದೇಶಕ್ಕೂ ಹೊಂದದ ಕಲಬೆರಕೆ ವಿದ್ಯೆಯನ್ನು ಹೋಮ್ಸ್‌ಗೆ ಮೊದಲು ಕಲಿಸಿದವರು ಡಾಯ್ಲ್ ಅವರೇ.

ಬೆಂಗಳೂರಿನಲ್ಲಿಯೇ ಹೆಚ್ಚು ಹೊತ್ತು ನಿಂತುಬಿಟ್ಟೆ. ಉಳಿದ ರೂಪಾಂತರಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. 2010ರಿಂದ 2017ರವರೆಗೆ ಬಿಬಿಸಿ ಪ್ರಸಾರ ಮಾಡಿದ, ಬೆನೆಡಿಕ್ಟ್ ಕಂಬರ್‌ಬ್ಯಾಚ್ ನಟಿಸಿದ ‘ಷರ್ಲಾಕ್’ ಸರಣಿ ಹೋಮ್ಸ್‌ನ ಯೋಚನೆಯನ್ನು ಪರದೆಯ ಮೇಲೆ ಅಕ್ಷರಗಳಾಗಿ ತೇಲಿಸಿತು. ರಿಚಿ ಮುಷ್ಟಿಯಿಂದ ಮಾಡಿದ್ದನ್ನು ಅದು ಅಕ್ಷರಗಳಿಂದ ಮಾಡಿತು. ಹೋಮ್ಸ್‌ನನ್ನು ಇಂದಿನ ನ್ಯೂಯಾರ್ಕ್‌ಗೆ ಸಾಗಿಸಿ ವಾಟ್ಸನ್‌ನನ್ನು ಹೆಣ್ಣಾಗಿಸಿದ ‘ಎಲಿಮೆಂಟರಿ’, ಎಲ್ಲಕ್ಕಿಂತ ದೂರ ಹೋದದ್ದೆಂದು ಬೈಸಿಕೊಂಡರೂ, ಮೂಲದ ದೊಣ್ಣೆವರಸೆಯನ್ನು ಮರೆಯದೆ ಅಭ್ಯಾಸ ಮಾಡಿಸಿತು. ಹೋಮ್ಸ್‌ನ ತಂಗಿಯನ್ನು ನಾಯಕಿಯಾಗಿಸಿದ 2020ರ ‘ಎನೋಲಾ ಹೋಮ್ಸ್’ ಚಿತ್ರದಲ್ಲಿ ಈಡಿತ್ ಎಂಬಾಕೆ ಜುಜುತ್ಸು ಕಲಿಸುತ್ತಾಳೆ. ಚರಿತ್ರೆಯಲ್ಲಿಯೂ ಈಡಿತ್ ಗ್ಯಾರಡ್ ಎಂಬವರಿದ್ದರು. 5 ಅಡಿಯೂ ಇರದ ಆ ಮಹಿಳೆ, ಬಾರ್ಟನ್-ರೈಟ್ ಜಪಾನಿನಿಂದ ಕರೆಸಿದ್ದ ಸದಕಝು ಉಯೆನಿಶಿ ಅವರಿಂದ ವಿದ್ಯೆ ಕಲಿತು, ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯರ ಅಂಗರಕ್ಷಕ ಪಡೆಗೆ ಅದನ್ನು ಕಲಿಸಿದರು. ಚಿತ್ರದ ಕಥೆ ನಡೆಯುವುದು 1884ರಲ್ಲಿ, ಆದ್ದರಿಂದ ಕಾಲದ ತಪ್ಪು ಮತ್ತೆ ಅದೇ.

[ಪರದೆಯ ಮೇಲೆ: ಹಿಮದ ಬೆಟ್ಟ, ಜಲಪಾತದ ಮೇಲೆ ಚಾಚಿದ ಬಿಸಿಲುಮಚ್ಚು]

ಕೊನೆಯದಾಗಿ ‘ಎ ಗೇಮ್ ಆಫ್ ಶ್ಯಾಡೋಸ್’ನ ಕೊನೆಯ ಕಾಳಗ. ಜಲಪಾತದ ಮೇಲಿನ ಬಿಸಿಲುಮಚ್ಚಿನಲ್ಲಿ ಹೋಮ್ಸ್ ಎಂದಿನಂತೆ ಕಣ್ಣಿನೊಳಗೇ ಚುಕ್ಕಿ ಇಡಲು ತೊಡಗುತ್ತಾನೆ, ಆದರೆ ಎದುರಿಗಿರುವ ಮೊರಿಯಾರ್ಟಿಯೂ ಅದೇ ಆಟವನ್ನು ಬಲ್ಲವನು. ಇಬ್ಬರೂ ಒಂದು ಬೆರಳನ್ನೂ ಎತ್ತದೆ ಇಡೀ ಕಾಳಗವನ್ನು ಮನಸ್ಸಿನಲ್ಲಿಯೇ ಆಡಿ ಮುಗಿಸುತ್ತಾರೆ. ಭುಜಕ್ಕೆ ಗಾಯವಾಗಿರುವ ಹೋಮ್ಸ್ ಎಷ್ಟು ಸಲ ಲೆಕ್ಕ ಹಾಕಿದರೂ ಸೋಲು ಅವನದೇ. ಆಗ ಅವನು ಲೆಕ್ಕಕ್ಕೆ ಹೊರಗಿನ ಒಂದು ಕೆಲಸ ಮಾಡುತ್ತಾನೆ: ಕೆಂಡದ ಬೂದಿಯನ್ನು ಎದುರಾಳಿಯ ಮುಖಕ್ಕೆ ಊದಿ, ಅವನನ್ನು ತಬ್ಬಿಕೊಂಡು ಕಟಾಂಜನದಾಚೆಗೆ ಬೀಳುತ್ತಾನೆ. ಅದೇ ಕ್ಷಣಕ್ಕೆ ಸರಿಯಾಗಿ ಹಿಂದಿನ ಬಾಗಿಲು ತೆರೆಯುತ್ತದೆ. ಪುಸ್ತಕದಲ್ಲಿ ಸುಳ್ಳು ಪತ್ರ ನಂಬಿ ಬೆಟ್ಟವಿಳಿದು ಹೋಗಿದ್ದ ವಾಟ್ಸನ್, ಇಲ್ಲಿ ಹೊಸ್ತಿಲಲ್ಲಿ ನಿಂತು, ಬೀಳುತ್ತಿರುವವನ ಮುಖವನ್ನು ಕಣ್ಣಾರೆ ನೋಡುತ್ತಾನೆ.