ಕಲ್ಲಿದ್ದಲು ಹೋಗುವುದು ನಮ್ಮೂರಿಗೇ

ಗೋವಾದ ಬಂದರು ಪಟ್ಟಣ ವಾಸ್ಕೊದಲ್ಲಿ ಬಿಳಿ ಬಟ್ಟೆ ಒಣಹಾಕುವವರು ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುತ್ತಾರೆ. ನಮ್ಮ ಪಕ್ಕದ ಮನೆ ಅಕ್ಕ ವಿಜಯಪುರದ ಕಡೆಯವರು. ಟೆರೇಸಿನ ಮೇಲೆ ಶಾವಿಗೆ ಹಾಕಿದರೆ ಅದರ ಮೇಲೊಂದು ಹಳೇ ಸೀರೆ ಹೊದಿಸುತ್ತಾರೆ. ಸಂಜೆ ಸೀರೆ ಕೊಡವಿದರೆ ಉದುರುವುದು ಕಪ್ಪು ಧೂಳು. ಯಾರ ಧೂಳು ಅಂತ ನಾನು ಹೆಸರು ಹಿಡಿದು ಹೇಳಲು ಹೋಗುವುದಿಲ್ಲ. ಇಲ್ಲಿರುವವರಿಗೆ ಹೇಳಬೇಕಾಗಿಯೂ ಇಲ್ಲ, ಅಲ್ವಾ?

ಇವತ್ತು ಮಾತಾಡಬೇಕಾಗಿರುವುದು ಆ ಅಕ್ಕನ ಮಗಳ ಬಗ್ಗೆ. 2020ರಲ್ಲಿ ಅವಳು ಡಿಗ್ರಿ ಎರಡನೇ ವರ್ಷ. ನವೆಂಬರ್ 1, ಭಾನುವಾರ. ಕೊರೊನಾ ಕಾಲ, ನಾವೆಲ್ಲ ಫೋನಿನಲ್ಲೇ ರಾಜ್ಯೋತ್ಸವದ ಶುಭಾಶಯ ಹೇಳಿಕೊಂಡು ಊಟ ಮಾಡಿ ಮಲಗಿದೆವು. ಅವಳು ಗೆಳತಿ ಮನೆಗೆ ಅಂತ ಹೇಳಿ ದಕ್ಷಿಣ ಗೋವಾದ ಚಾಂದೋರ್ ಹಳ್ಳಿಗೆ ಹೋಗಿದ್ದಳು. ಆ ರಾತ್ರಿ ಅಲ್ಲಿ ಸಾವಿರಾರು ಜನ ರೈಲು ಹಳಿಯ ಹತ್ತಿರ ಸೇರಿದ್ದರು. ಹಾಡು, ಮೇಣದಬತ್ತಿ, ಘೋಷಣೆ. ಜೋಡಿ ಹಳಿ ಬೇಡ, ಕಲ್ಲಿದ್ದಲು ಬೇಡ ಅಂತ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಗೋವಾ-ಕರ್ನಾಟಕ ಗಡಿಯ ಮೊಲ್ಲೆಂ ಕಾಡಿನ ಮೂಲಕ ಮೂರು ಯೋಜನೆ: ಹೆದ್ದಾರಿ ಅಗಲ ಮಾಡುವುದು, ಹೈಟೆನ್ಷನ್ ಲೈನ್, ಕರ್ನಾಟಕದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಎರಡನೇ ರೈಲು ಹಳಿ. ಹಳಿಗೆ ವನ್ಯಜೀವಿ ಮಂಡಳಿಯ ಒಪ್ಪಿಗೆ ಸಿಕ್ಕಿದ್ದು ಲಾಕ್‌ಡೌನ್‌ಗೆ ಮೊದಲೇ, 2019ರ ಡಿಸೆಂಬರ್‌ನಲ್ಲಿ. ಆಮೇಲೆ ಲಾಕ್‌ಡೌನ್ ಬಂತು. ಕಾಲೇಜು ಮುಚ್ಚಿತ್ತು. ಹುಡುಗರು ಮನೆಯಲ್ಲೇ ಕೂತು ಚಿತ್ರ ಬರೆದರು, ಪತ್ರ ಬರೆದರು, ಕಾಡಿನ ಕಡತ ಓದಿದರು. 2022ರ ಮೇ ತಿಂಗಳಲ್ಲಿ ಹಳಿಗೆ ಮಂಡಳಿ ಕೊಟ್ಟಿದ್ದ ಆ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಅದು ಸರಿ. ಆದರೆ ಚಾಂದೋರಿನ ಆ ರಾತ್ರಿಯ ಮರುದಿನ ಬೆಳಿಗ್ಗೆ ಅವಳ ಮನೆಯಲ್ಲಿ ಏನಾಯಿತು ಕೇಳಿ. ಅವಳಪ್ಪನದು ಕಲ್ಲಿದ್ದಲು ಲೋಡಿಂಗ್ ಕೆಲಸ. 'ನಿನ್ನ ಫೀಸು ಎಲ್ಲಿಂದ ಬರುತ್ತೆ ಗೊತ್ತೇನವ್ವಾ?' ಅಂದರು. ಅವಳು ಎದುರು ಮಾತಾಡಲಿಲ್ಲ. ಬಚ್ಚಲಿಗೆ ಹೋಗಿ, ಅಪ್ಪನ ಬನಿಯನ್ನು ನೆನೆಹಾಕಿದ್ದ ಬಕೆಟ್ ತಂದು ಮುಂದೆ ಇಟ್ಟಳು. ನೀರು ಶಾಯಿಯ ಹಾಗಿತ್ತು. ಅಪ್ಪ ಎದ್ದು ಡ್ಯೂಟಿಗೆ ಹೋದರು. ಮತ್ತೇನು ಮಾಡಿಯಾರು?

ನಮ್ಮವರು, ಅಂದರೆ ಇಲ್ಲಿನ ಕನ್ನಡಿಗರು, ಆಗ ಹೇಳಿದ ಮಾತು ನನಗೆ ಇನ್ನೂ ಚುಚ್ಚುತ್ತದೆ. 'ಅದು ಗೋವಾದವರ ಗಲಾಟೆ, ನಾವು ಹೊರಗಿನವರು, ಸುಮ್ನೆ ಓದಿಕೋ.' ಹೊರಗಿನವರಾ? ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ಬಂದ ಕಲ್ಲಿದ್ದಲು ವಾಸ್ಕೊ ಪಕ್ಕದ ಮುರ್ಮಗೋವಾ ಬಂದರಿನಲ್ಲಿ ಇಳಿದು, ಬ್ರಗಾಂಜಾ ಘಾಟಿ ಹತ್ತಿ, ಲೋಂಡಾ, ಹುಬ್ಬಳ್ಳಿ, ಹೊಸಪೇಟೆ ದಾಟಿ ಹೋಗುವುದು ಎಲ್ಲಿಗೆ? ತೋರಣಗಲ್ಲಿನ ಉಕ್ಕಿನ ಕುಲುಮೆಗೆ. ಘಾಟಿಯ ಏರು 37 ಅಡಿಗೆ ಒಂದು ಅಡಿ. ಹಿಂದಿನಿಂದ ಎಂಜಿನ್ ನೂಕದಿದ್ದರೆ ಗಾಡಿ ಹತ್ತುವುದಿಲ್ಲ. ಇಳಿಸುವವರಲ್ಲಿ ನಮ್ಮವರು, ಧೂಳು ಕುಡಿಯುವವರಲ್ಲಿ ನಮ್ಮವರು, ಆ ಕಡೆ ಉಕ್ಕಿನ ಸಂಬಳ ತಿನ್ನುವವರೂ ನಮ್ಮವರು. ಈ ವಿಷಯದಲ್ಲಿ ಗೋವಾದಲ್ಲಿ ನಮ್ಮಷ್ಟು ಒಳಗಿನವರು ಇನ್ನೊಬ್ಬರಿಲ್ಲ.

ಅಮೆರಿಕದಲ್ಲೂ ಹುಡುಗರು ಇದೇ ಎಳೆ ಹಿಡಿದರು. ಅಪಲೇಷಿಯಾ ಬೆಟ್ಟಗಳಲ್ಲಿ ಕಾಡು ಕಡಿದು, ಮದ್ದಿಟ್ಟು ಶಿಖರವನ್ನೇ ಹಾರಿಸಿ ಕಲ್ಲಿದ್ದಲು ತೆಗೆಯುತ್ತಾರೆ. ಉಳಿದ ಕಲ್ಲುಮಣ್ಣನ್ನು ಪಕ್ಕದ ಕಣಿವೆಗೆ ಸುರಿಯುತ್ತಾರೆ. ಕೆಳಗಿನ ಹಳ್ಳ ಮುಚ್ಚಿಹೋಗುತ್ತದೆ. 500ಕ್ಕೂ ಹೆಚ್ಚು ಬೆಟ್ಟ ಹೀಗೆ ಹೋಗಿವೆ ಅನ್ನುವುದು ಅಲ್ಲಿನ ಹೋರಾಟಗಾರರ ಲೆಕ್ಕ. ಪೆನ್ಸಿಲ್ವೇನಿಯಾದ ಸ್ವಾರ್ಥ್‌ಮೋರ್ ಕಾಲೇಜಿನ ವಿದ್ಯಾರ್ಥಿಗಳು ವೆಸ್ಟ್ ವರ್ಜೀನಿಯಾಕ್ಕೆ ಹೋಗಿ ಅದನ್ನು ಕಣ್ಣಾರೆ ನೋಡಿ ಬಂದರು. ವಾಪಸ್ ಬಂದು ಕೇಳಿದ ಪ್ರಶ್ನೆ ಒಂದೇ: ನಮ್ಮ ಕಾಲೇಜಿನ ದುಡ್ಡು ಯಾವ ಕಂಪನಿಗಳಲ್ಲಿದೆ? ಅದನ್ನು ಹೊರಗೆ ತೆಗೆಯಿರಿ. 2015ರಲ್ಲಿ 32 ದಿನ ಕಾಲೇಜಿನ ಕಚೇರಿಯಲ್ಲೇ ಧರಣಿ ಕೂತರು. ಕಾಲೇಜು ಆಗಲೂ ಆಗಲ್ಲ ಅಂದಿತು. ಆದರೆ ಅಷ್ಟರಲ್ಲಿ ಆ ಪ್ರಶ್ನೆ ನೂರಾರು ಕ್ಯಾಂಪಸ್ ತಲುಪಿತ್ತು.

'ನಿನ್ನ ಫೀಸು ಎಲ್ಲಿಂದ ಬರುತ್ತೆ' ಅಂತ ಅಪ್ಪ ಬಾಯಿ ಮುಚ್ಚಿಸಲು ಕೇಳಿದರು. ಸ್ವಾರ್ಥ್‌ಮೋರ್ ಹುಡುಗರು ಅದೇ ಪ್ರಶ್ನೆಯನ್ನು ಬಾಯಿ ಬಿಚ್ಚಲು ಕೇಳಿದರು, ನೋಡಿ.

ಲೋಡಿಂಗ್ ನಿಂತರೆ ಆ ಅಪ್ಪನ ಮನೆ ಹೇಗೆ ನಡೆಯಬೇಕು? ಇದಕ್ಕೆ ನನ್ನ ಹತ್ತಿರ ರೆಡಿ ಉತ್ತರ ಇಲ್ಲ. ಬೇರೆ ಕೆಲಸ ಕೊಡಿ ಅಂತ ಕೇಳಬೇಕಾದದ್ದು ಇಪ್ಪತ್ತರ ಹುಡುಗಿಯನ್ನಲ್ಲ, ಹಡಗು ತರಿಸುವವರನ್ನು. ನಮ್ಮ ಸಂಘಗಳು ವೇದಿಕೆ ಹಾಕಿ ಶಾಲು ಹೊದಿಸುವುದರ ಜೊತೆಗೆ ಇದನ್ನೂ ಕೇಳಬಹುದಿತ್ತು. ಇಷ್ಟು ವರ್ಷದಲ್ಲಿ ನಾನಂತೂ ಕೇಳಿಸಿಕೊಂಡಿಲ್ಲ.

ಅಕ್ಕ ಈ ಬೇಸಿಗೆ ಟೆರೇಸಿನಲ್ಲಿ ಏನೂ ಹಾಕಲಿಲ್ಲ. ಶಾವಿಗೆ ಊರಿನಿಂದಲೇ ಬಂತು, ಅದೇ ಘಾಟಿ ಇಳಿದು, ಅದೇ ಹಳಿಯ ಮೇಲೆ. ಡಬ್ಬಿಯ ಮುಚ್ಚಳ ಬಿಗಿಯಾಗಿತ್ತು.