ಯಾರೂ ಕೇಳದೆ ಮಾಡಿದ ಆಪರೇಷನ್

ಕೇಳುಗರಿಗೆ ನಮಸ್ಕಾರ.

ಜಪಾನಿನ ಸೆಂಡೈ ಊರಿನ ಹುಡುಗನೊಬ್ಬನ ಕಥೆ ಹೇಳುತ್ತೇನೆ. 14 ವರ್ಷ. 1957ರಲ್ಲಿ, ಅವನಿದ್ದ ಮಕ್ಕಳ ಗೃಹದಿಂದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೆಟ್ಟದ್ದನ್ನು ತೆಗೆದುಹಾಕುತ್ತೇವೆ ಅಂದರು, ಅಷ್ಟೇ. ಇನ್ನು ತನಗೆ ಮಕ್ಕಳಾಗುವುದಿಲ್ಲ ಅಂತ ಅವನಿಗೆ ಆಮೇಲೆ ತಿಳಿಸಿದ್ದು ಜೊತೆಯಲ್ಲಿದ್ದ ದೊಡ್ಡ ಹುಡುಗ. ಡಾಕ್ಟರಲ್ಲ, ಅಧಿಕಾರಿಯೂ ಅಲ್ಲ.

ಮುಂದೆ ಮದುವೆಯಾಯಿತು. ಹೆಂಡತಿಗೆ ಈ ವಿಷಯ ಹೇಳಲು ಬಾಯಿ ಬರಲಿಲ್ಲ. 2013ರಲ್ಲಿ ಆಕೆ ರಕ್ತದ ಕ್ಯಾನ್ಸರಿನಿಂದ ಸಾಯುವ ಕೆಲವೇ ದಿನ ಮೊದಲು, ಹಾಸಿಗೆ ಪಕ್ಕದಲ್ಲಿ ಹೇಳಿಕೊಂಡರು. ಆಕೆ ಬೈಯಲಿಲ್ಲ. ಹೊತ್ತುಹೊತ್ತಿಗೆ ಊಟ ಮಾಡಿ ಅಂದರಂತೆ.

ಇದೆಲ್ಲ ಕಾನೂನಿನ ಪ್ರಕಾರವೇ ನಡೆದದ್ದು. 1948ರಿಂದ 1996ರವರೆಗೆ ಜಪಾನಿನಲ್ಲಿ ಒಂದು ಕಾಯ್ದೆ ಇತ್ತು. "ಕೀಳು ಸಂತಾನ" ಹುಟ್ಟಬಾರದು, ಅಂದರೆ ಅಂಗವಿಕಲರಿಗೆ, ಮಾನಸಿಕ ಕಾಯಿಲೆ ಇದ್ದವರಿಗೆ ಮಕ್ಕಳಾಗಬಾರದು ಅನ್ನುವುದೇ ಅದರ ಉದ್ದೇಶ. ಸುಮಾರು 25,000 ಜನರಿಗೆ ಮಕ್ಕಳಾಗದಂತೆ ಆಪರೇಷನ್ ಆಯಿತು. ಅವರಲ್ಲಿ ಸುಮಾರು 16,500 ಜನರಿಗೆ ಒಪ್ಪಿಗೆಯೇ ಇಲ್ಲದೆ. ಬೇಕಾದರೆ ಕೈಕಾಲು ಕಟ್ಟಿ, ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟು, ಸುಳ್ಳು ಹೇಳಿಯಾದರೂ ಮಾಡಬಹುದು ಅಂತ 1953ರಲ್ಲಿ ಸರ್ಕಾರವೇ ಸುತ್ತೋಲೆ ಕಳಿಸಿತ್ತು. 9 ವರ್ಷದ ಮಕ್ಕಳನ್ನೂ ಬಿಡಲಿಲ್ಲ. ನಾನು ಹೇಳಿದ ಆ ಹುಡುಗನಿಗಂತೂ ಯಾವ ಅಂಗವೈಕಲ್ಯವೂ ಇರಲಿಲ್ಲ.

ಇದರ ವಿರುದ್ಧ ಮೊದಲು ದನಿ ಎತ್ತಿದವರಲ್ಲಿ ಅಂಗವಿಕಲ ಹೆಂಗಸರು ಮುಂದಿದ್ದರು. 1994ರಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಅಸಾಕಾ ಯೂಹೋ ಕೈರೋಗೆ ಹೋಗಿ, ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನದ ಹೊತ್ತಿನಲ್ಲಿ, ಲೋಕಕ್ಕೆಲ್ಲ ಕೇಳುವಂತೆ ಈ ಮಾತು ಹೇಳಿದರು. ಎರಡೇ ವರ್ಷಕ್ಕೆ ಕಾಯ್ದೆ ಹೋಯಿತು.

ಅದೇ 1994ರಲ್ಲಿ ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಏನಾಯಿತು ಗೊತ್ತಾ? ಶಿರೂರಿನ ಸರ್ಕಾರಿ ಆಶ್ರಯದಲ್ಲಿದ್ದ ಬುದ್ಧಿ ಬೆಳವಣಿಗೆ ಕಡಿಮೆಯಿದ್ದ ಹೆಣ್ಣುಮಕ್ಕಳನ್ನು ಪುಣೆಗೆ ಕರೆತಂದು ಗರ್ಭಕೋಶ ತೆಗೆದರು. ಮುಟ್ಟಿನ ದಿನಗಳಲ್ಲಿ ಅವರನ್ನು ನೋಡಿಕೊಳ್ಳುವುದು ಕಷ್ಟ ಅನ್ನುವುದು ಕಾರಣ. ನೋಡಿಕೊಳ್ಳಲು ಇನ್ನಿಬ್ಬರು ಆಯಾಗಳನ್ನು ಇಡಬಹುದಿತ್ತು, ಅಲ್ವಾ? ಬಟ್ಟೆ ಬದಲಿಸುವುದನ್ನು ತಾಳ್ಮೆಯಿಂದ ಕಲಿಸಬಹುದಿತ್ತು. ಸಂಘಟನೆಗಳು ಬೀದಿಗಿಳಿದ ಮೇಲೆ ಉಳಿದವರ ಆಪರೇಷನ್ ನಿಂತಿತು. ಅಂಗವಿಕಲರಿಗೆ ಅವರದೇ ಒಪ್ಪಿಗೆ ಇಲ್ಲದೆ ಮಕ್ಕಳಾಗದಂತೆ ಮಾಡಬಾರದು ಅಂತ ನಮ್ಮ ಕಾನೂನಿನಲ್ಲಿ ನೇರವಾಗಿ ಬರೆದದ್ದು 2016ರಲ್ಲಿ.

ಜಪಾನಿನಲ್ಲಿ ಕಾಯ್ದೆ ಹೋದರೂ ಸರ್ಕಾರ ಕ್ಷಮೆ ಕೇಳಲಿಲ್ಲ. ಆಗ ಅದು ಕಾನೂನಾಗಿತ್ತಲ್ಲ ಅಂತ ಸುಮ್ಮನಾಯಿತು. 2018ರ ಜನವರಿಯಲ್ಲಿ ಅರವತ್ತು ದಾಟಿದ ಒಬ್ಬಾಕೆ ಸೆಂಡೈ ಕೋರ್ಟಿಗೆ ಹೋದರು. 15ನೇ ವಯಸ್ಸಿನಲ್ಲಿ ಆಪರೇಷನ್ ಆದವರು. ಅವರ ಬೆನ್ನಿಗೆ ನಿಂತು ಓಡಾಡಿದವರು ಅತ್ತಿಗೆ. ಆ ಸುದ್ದಿ ಕೇಳಿ ನಾನು ಹೇಳಿದ ಆ ಹುಡುಗ, ಆ ಹೊತ್ತಿಗೆ ಎಪ್ಪತ್ತು ದಾಟಿದ್ದ ಅಜ್ಜ, ತಾವೂ ಕೇಸು ಹಾಕಿದರು. ಕಿವಿ ಕೇಳದ ದಂಪತಿಗಳೂ ಬಂದರು. 20 ವರ್ಷ ಮೀರಿದೆ, ತಡವಾಯಿತು ಅಂತ ಸರ್ಕಾರ ವಾದಿಸಿತು. ಮುಚ್ಚಿಟ್ಟವರೇ ತಡ ಅನ್ನುವುದು ಎಂಥ ನ್ಯಾಯ!

2024ರ ಜುಲೈ 3ರಂದು ಸುಪ್ರೀಂ ಕೋರ್ಟಿನ 15 ನ್ಯಾಯಾಧೀಶರೂ ಒಂದೇ ದನಿಯಲ್ಲಿ ಹೇಳಿದರು: ಆ ಕಾಯ್ದೆ ಸಂವಿಧಾನಕ್ಕೆ ವಿರುದ್ಧ, ತಡ ಅನ್ನುವ ನೆಪ ನಡೆಯುವುದಿಲ್ಲ. ಎರಡು ವಾರದಲ್ಲಿ ಆಗಿನ ಪ್ರಧಾನಿ ಕಿಶಿದಾ ಕೇಸು ಹಾಕಿದವರನ್ನು ಕರೆದು ಎದುರೇ ಕ್ಷಮೆ ಕೇಳಿದರು. ಆಪರೇಷನ್ ಆದವರಿಗೆ ಒಂದೂವರೆ ಕೋಟಿ ಯೆನ್ ಪರಿಹಾರ ಅಂತಲೂ ಆಯಿತು.

ಆದರೆ ಕೇಸು ಹಾಕಿದವರಲ್ಲೇ ಕೆಲವರು ತೀರ್ಪಿಗೆ ಮೊದಲೇ ತೀರಿಕೊಂಡಿದ್ದರು. ಎಷ್ಟೋ ಜನರ ದಾಖಲೆಗಳೇ ಉಳಿದಿಲ್ಲ. ಚಿಕ್ಕಂದಿನಲ್ಲಿ ತಮಗೆ ಆದದ್ದು ಯಾವ ಆಪರೇಷನ್ ಅನ್ನುವುದೇ ಗೊತ್ತಿಲ್ಲದವರೂ ಇದ್ದಾರೆ. ಅವರೆಲ್ಲ ಈಗ ಮುದುಕರು. ಒಬ್ಬೊಬ್ಬರನ್ನೇ ಹುಡುಕಿ, ಮನೆಗೆ ಹೋಗಿ, ಕೂತು ಹೇಳಬೇಕಾಗಿದೆ.