ಮಳೆ ರಜೆಯ ದಿನ ಆನ್‌ಲೈನ್ ಕ್ಲಾಸ್ ಯಾಕೆ ಆಗುವುದಿಲ್ಲ?

[ದೃಶ್ಯ: ಮೂಡಿಗೆರೆ ಕಡೆಯ ತೋಟದ ರಸ್ತೆ, ಜೋರು ಮಳೆ, ಕರೆಂಟ್ ತಂತಿ ಮೇಲೆ ಒರಗಿದ ಸಿಲ್ವರ್ ಮರ]

ನಮಸ್ಕಾರ. ಹಿಂದೆ ಮರ ಕಾಣುತ್ತಿದೆ ಅಲ್ವಾ? ಇವತ್ತಿನ ವಿಷಯ ಅಲ್ಲಿಂದಲೇ ಶುರು.

ಜುಲೈ ಬಂತು ಅಂದರೆ ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಳಸ, ಆಚೆ ಸಕಲೇಶಪುರದಲ್ಲೂ ಮಕ್ಕಳು ರಾತ್ರಿ ಕಾಯುವುದು ಒಂದೇ ಮೆಸೇಜಿಗೆ. ಡಿಸಿ ನಾಳೆ ರಜೆ ಕೊಟ್ಟರಾ? ತಪ್ಪಿದ ಪಾಠವನ್ನು ಆಮೇಲೆ ಶನಿವಾರ ಮಧ್ಯಾಹ್ನ ಹೇಗೋ ಹೊಂದಿಸುತ್ತಾರೆ. ಬೆಂಗಳೂರಿನ ನೆಂಟರು ಕೇಳುತ್ತಾರೆ, ಎಲ್ಲರ ಮನೆಯಲ್ಲೂ ಮೊಬೈಲ್ ಇದೆಯಲ್ಲ, ಆವತ್ತು ಆನ್‌ಲೈನ್ ಕ್ಲಾಸ್ ಮಾಡಬಾರದಾ ಅಂತ. ಅಯ್ಯೋ, ಮಳೆಗಾಳಿಗೆ ಮರ ಬೀಳುತ್ತದೆ ಅಂತಲೇ ರಜೆ. ಮರ ಬಿದ್ದರೆ ಕರೆಂಟ್ ಇಲ್ಲ, ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಟವರ್ ಕೂಡ ಮಲಗುತ್ತದೆ. ಆನ್‌ಲೈನ್ ಪಾಠ ಬೇಕಾಗುವ ದಿನವೇ ಅದು ಸಿಗುವುದಿಲ್ಲ.

ಮೊಬೈಲ್ ಇಲ್ಲ ಅನ್ನುವ ಕಾಲ ಹೋಯಿತು, ಅದು ನಿಜ. 2024ರ ಅಸರ್, ಅಂದರೆ ಮಕ್ಕಳ ಓದಿನ ಬಗ್ಗೆ ದೇಶದ ಹಳ್ಳಿಗಳಲ್ಲಿ ಮಾಡುವ ಸಮೀಕ್ಷೆ. ಅದರ ಪ್ರಕಾರ 14ರಿಂದ 16 ವರ್ಷದವರಲ್ಲಿ ಶೇಕಡಾ 80ಕ್ಕಿಂತ ಜಾಸ್ತಿ ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ಶೇಕಡಾ 57, ಸೋಷಿಯಲ್ ಮೀಡಿಯಾಗೆ ಶೇಕಡಾ 76. ನಕ್ಕುಬಿಡಬೇಡಿ, ನಮ್ಮದೂ ಅದೇ ಕಥೆ.

[ದೃಶ್ಯ: ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಜಗಲಿ, ಸಂಜೆ]

ಆದರೆ ಮನೆಯಲ್ಲಿ ಫೋನ್ ಇರುವುದು ಬೇರೆ, ಮಗುವಿನ ಕೈಯಲ್ಲಿ ಇರುವುದು ಬೇರೆ. ನಾನು ನೋಡಿದ ಒಂದು ಮನೆ ಹೇಳುತ್ತೇನೆ. ಬೆಳಿಗ್ಗೆ ಫೋನ್ ಅಪ್ಪನ ಜೇಬಿನಲ್ಲಿ ತೋಟಕ್ಕೆ ಹೋಗುತ್ತದೆ. ವಾಟ್ಸಾಪ್ ಗ್ರೂಪಿಗೆ ಹೋಂವರ್ಕ್ ಬರುವುದು ಹತ್ತು ಗಂಟೆಗೆ, ಆರನೇ ಕ್ಲಾಸಿನ ಹುಡುಗಿ ಅದನ್ನು ನೋಡುವುದು ಸಂಜೆ ಆರೂವರೆಗೆ. ಬಂದಿರುವುದು ಬೋರ್ಡಿನ ಫೋಟೋ, ಲೆಕ್ಕದ ಮಧ್ಯಕ್ಕೆ ಸರಿಯಾಗಿ ಟ್ಯೂಬ್‌ಲೈಟ್ ಹೊಳಪು ಬಿದ್ದಿದೆ. ಬಿರುಕು ಬಿಟ್ಟ ಸ್ಕ್ರೀನನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ, ಅದು ಮೂರೋ ಎಂಟೋ ಅಂತ ಅವಳು ಅಮ್ಮನನ್ನು ಕೇಳುತ್ತಾಳೆ. ಇದಕ್ಕೆ ನಾವು ಬ್ಲೆಂಡೆಡ್ ಲರ್ನಿಂಗ್, ಅಂದರೆ ಕ್ಲಾಸಿನ ಪಾಠವೂ ಆನ್‌ಲೈನ್ ಪಾಠವೂ ಬೆರೆತ ಕಲಿಕೆ, ಅಂತ ಹೆಸರಿಟ್ಟಿದ್ದೇವೆ! ಟೀಚರನ್ನು ಬೈಯುತ್ತಿಲ್ಲ, ಅವರ ಡೇಟಾ ಪ್ಯಾಕಿಗೂ ಅವರೇ ದುಡ್ಡು ಹಾಕುತ್ತಾರೆ.

ಕೋವಿಡ್ ಸಮಯ ನೆನಪಿದೆಯಾ? 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಬೇಡ ಅಂದಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆಗಸ್ಟಿನಲ್ಲಿ ವಿದ್ಯಾಗಮ ಬಂತು. ಮೇಷ್ಟ್ರು ಊರಿಗೇ ಬಂದು, ದೇವಸ್ಥಾನದ ಜಗಲಿಯಲ್ಲೋ ಸಮುದಾಯ ಭವನದಲ್ಲೋ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸೋಂಕಿನ ಭಯದಲ್ಲಿ ಅಕ್ಟೋಬರ್‌ಗೆ ಅದು ನಿಂತಿತು, ಜನವರಿಯಲ್ಲಿ ಮತ್ತೆ ಶುರುವಾಯಿತು. ಚಂದನ ಟಿವಿಯಲ್ಲಿ ಸಂವೇದ ಪಾಠವೂ ಬರುತ್ತಿತ್ತು, ಡಿಶ್ ಇದ್ದರೆ ಸಾಕು, ನೆಟ್ ಬೇಡ. ಆದರೆ ಟಿವಿಯನ್ನು ‘ಸಾರ್, ಇನ್ನೊಂದು ಸಲ’ ಅಂತ ಕೇಳಲು ಆಗುವುದಿಲ್ಲ. ನನ್ನ ಲೆಕ್ಕದಲ್ಲಿ ಇವೆಲ್ಲದರಲ್ಲಿ ಮಲೆನಾಡಿಗೆ ಒಗ್ಗಿದ್ದು ವಿದ್ಯಾಗಮವೇ, ಯಾಕೆಂದರೆ ಅಲ್ಲಿ ಎದುರಿಗೆ ಒಬ್ಬ ಮನುಷ್ಯ ಇದ್ದ.

ಹಾಗಾದರೆ ಮೊಬೈಲ್ ದಂಡವಾ? ಅಲ್ಲ. ನಮಗೆ ಬೇಕಾಗಿರುವುದು ಲೈವ್ ಕ್ಲಾಸ್ ಅಲ್ಲ, ಮಳೆಗೆ ಮುಂಚೆಯೇ ಇಳಿಸಿಟ್ಟುಕೊಂಡ ಪಾಠ. ಸೌದೆ ಒಣಗಿಸಿ ಅಟ್ಟಕ್ಕೆ ಹಾಕುತ್ತೇವಲ್ಲ, ಹಾಗೆ. ನಿಮ್ಮ ಮಗುವಿನ ಸರ್ಕಾರಿ ಪಠ್ಯಪುಸ್ತಕ ತೆಗೆಯಿರಿ, ಅದರಲ್ಲಿ ಕ್ಯೂಆರ್ ಕೋಡ್ ಇದೆ. 2017ರಲ್ಲಿ ಶುರುವಾದ ದೀಕ್ಷಾ ಆ್ಯಪಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಅಭ್ಯಾಸದ ಪ್ರಶ್ನೆ ಬರುತ್ತವೆ. ಸಿಗ್ನಲ್ ಇರುವ ಕಡೆ ಒಮ್ಮೆ ಡೌನ್‌ಲೋಡ್ ಮಾಡಿಟ್ಟರೆ ಆಮೇಲೆ ನೆಟ್ ಬೇಡ. ಒಂದು ಫೋನಿಂದ ಪಕ್ಕದ ಮನೆಯ ಫೋನಿಗೂ ಕಳಿಸಬಹುದು.

[ದೃಶ್ಯ: ಜಗಲಿಯಲ್ಲಿ ಪುಸ್ತಕ, ಫೋನ್. ಅದೇ ಹುಡುಗಿ ಸ್ಕ್ಯಾನ್ ಮಾಡುತ್ತಾಳೆ]

ನೋಡಿ, ಸಂತೆಗೆ ಹೋದಾಗ ಅವಳ ಅಪ್ಪ ಐದು ಪಾಠ ಇಳಿಸಿಕೊಂಡು ಬಂದಿದ್ದಾರೆ. ಈಗ ಇಲ್ಲಿ ಸಿಗ್ನಲ್ ಇಲ್ಲ, ಕರೆಂಟೂ ಇಲ್ಲ, ವಿಡಿಯೋ ಓಡುತ್ತಿದೆ. ಚಾರ್ಜ್ 31 ಇದೆ, ಭಿನ್ನರಾಶಿ ಮುಗಿಯುವವರೆಗೆ ಅವಳು ಅಪ್ಪನಿಗೆ ಫೋನ್ ಕೊಡುವುದಿಲ್ಲವಂತೆ.